ಬ್ಲೇಡಕ್ಕ ಕದ್ದ ಸ್ಲೈಡು

ಆಸ್ಪತ್ರೆಯ ನೆಲಮಾಳಿಗೆಯ ಪೆಥಾಲಜಿ ಲ್ಯಾಬಿನಲ್ಲಿ ಅವಳನ್ನು ಎಲ್ಲರೂ ಬ್ಲೇಡಕ್ಕ ಎಂದೇ ಕರೆಯುತ್ತಿದ್ದರು. ಮಾತಿನಲ್ಲಿ ಬ್ಲೇಡು ಹಾಕುವವಳಲ್ಲ ಪಾಪ. ತನ್ನ ಯಂತ್ರದ ಬ್ಲೇಡನ್ನು ಇನ್ನೊಬ್ಬರು ಮುಟ್ಟಿದರೆ ಮಾತ್ರ ಲ್ಯಾಬೇ ಹಾರಿಹೋಗುವಂತೆ ಕಿರುಚುತ್ತಿದ್ದಳು. ಹದಿನೆಂಟು ವರ್ಷದಿಂದ ಅವಳದು ಒಂದೇ ಕೆಲಸ. ರೋಗಿಗಳ ಮೈಯಿಂದ ತೆಗೆದ ತುಂಡು ಮೇಣದ ಬ್ಲಾಕಿನಲ್ಲಿ ಕೂತು ಅವಳ ಮೇಜಿಗೆ ಬರುತ್ತದೆ. ಅದನ್ನು ಮೈಕ್ರೋಟೋಮ್ ಯಂತ್ರಕ್ಕೆ ಸಿಕ್ಕಿಸಿ, ಚಕ್ರ ತಿರುಗಿಸಿ, ಉಸಿರು ಬಿಟ್ಟರೆ ಹಾರಿಹೋಗುವಷ್ಟು ತೆಳ್ಳಗೆ ಹೆರೆಯಬೇಕು. ಹೆರೆದ ಪದರವನ್ನು ಬೆಚ್ಚಗಿನ ನೀರಿನ ಮೇಲೆ ತೇಲಿಬಿಟ್ಟು, ಸ್ಲೈಡಿನ ಮೇಲೆ ಎತ್ತಿಕೊಂಡು, ಬಣ್ಣ ಹಾಕಿ ಡಾಕ್ಟರಮ್ಮನ ಕೋಣೆಗೆ ಕಳಿಸಬೇಕು. ರೋಗ ಯಾವುದೆಂದು ಹೇಳುವುದು ಡಾಕ್ಟರಮ್ಮನ ಕೆಲಸ. ಬ್ಲೇಡಕ್ಕನದು ಬರೀ ಹೆರೆಯುವುದು. ಈ ಗೆರೆ ದಾಟಿದ್ದೇ ಅವಳು ಮಾಡಿದ ತಪ್ಪು.

ಆ ಮಂಗಳವಾರ ಬಂದ ಬ್ಲಾಕಿನ ಜೊತೆಯ ಚೀಟಿಯಲ್ಲಿ ಹೀಗಿತ್ತು: ಗಂಡಸು, ನಲವತ್ತೊಂದು ವರ್ಷ, ದರ್ಜಿ, ಲಿವರಿನಲ್ಲಿ ಮೂರು ಸೆಂಟಿಮೀಟರಿನ ಗಂಟು, ಸೂಜಿ ಬಯಾಪ್ಸಿ. ಮೇಲಿದ್ದ ಹೆಸರನ್ನು ಅವಳು ಓದಲೇ ಇಲ್ಲ. ಓದುವುದೇನಿತ್ತು, ಅವಳ ತಮ್ಮನೇ. ಹೊಟ್ಟೆನೋವೆಂದು ಸ್ಕ್ಯಾನಿಂಗಿಗೆ ಹೋಗಿದ್ದ. ನೋವು ಬರೀ ಗ್ಯಾಸಿನದಾಗಿತ್ತು, ಆದರೆ ಸ್ಕ್ಯಾನಿಂಗಿನವನ ಕಣ್ಣಿಗೆ ಯಾರೂ ಕೇಳದ ಗಂಟೊಂದು ಬಿತ್ತು. "ಅಕ್ಕಾ, ನನಗೊಂದು ಲಿವರ್ ಇದೆ ಅನ್ನೋದೇ ಮರೆತುಹೋಗಿತ್ತು ಕಣೇ," ಎಂದು ಫೋನಿನಲ್ಲಿ ನಕ್ಕಿದ್ದ. "ನಿನ್ನ ಕೈಗೇ ಬರುತ್ತಂತಲ್ಲ. ಜೋಪಾನವಾಗಿ ಕತ್ತರಿಸು ಮಾರಾಯ್ತಿ. ನೆಟ್ಟಗೆ ಕತ್ತರಿಸೋದು ನಮ್ಮನೇಲಿ ನನಗೊಬ್ಬನಿಗೇ ಬರೋದು."

ಲ್ಯಾಬಿನಲ್ಲಿ ಒಂದು ಕಟ್ಟುಪಾಡಿದೆ. ಸ್ವಂತದವರ ತುಂಡು ಬಂದರೆ ಬಾಯಿಬಿಟ್ಟು ಹೇಳಬೇಕು, ಬ್ಲಾಕು ಇನ್ನೊಬ್ಬರ ಕೈಗೆ ಹೋಗಬೇಕು. ಆದರೆ ಇನ್ನೊಬ್ಬರೆಂದರೆ ಯಾರು? ಎದುರು ಮೇಜಿನ ದಪ್ಪಣ್ಣ. ಇನ್ನು ಮೂರು ತಿಂಗಳಿಗೆ ನಿವೃತ್ತಿ, ಕೈ ಒರಟು, ಹೆರೆದರೆ ಪದರ ದಪ್ಪ. ಅದಕ್ಕೇ ಆ ಹೆಸರು. ಅವನ ಕೈಗೆ ತಮ್ಮನ ಲಿವರು ಕೊಡುವುದೇ? ಬ್ಲೇಡಕ್ಕ ಚೀಟಿಯನ್ನು ಮಡಚಿ ತನ್ನ ಕೋಟಿನ ಜೇಬಿಗೆ ತುರುಕಿ, ತಾನೇ ಹೆರೆಯಲು ಕೂತಳು.

ಸೂಜಿ ಬಯಾಪ್ಸಿಯ ತುಂಡೆಂದರೆ ಒಂದು ತುಂಡು ದಾರದಷ್ಟಿರುತ್ತದೆ, ಅಷ್ಟೇ. ಅದಕ್ಕೊಂದು ನಿಯಮ ಉಂಟು. ಬ್ಲಾಕು ಯಂತ್ರದಲ್ಲಿರುವಾಗಲೇ ಡಾಕ್ಟರಿಗೆ ಬೇಕಾದ ಸ್ಲೈಡಿನ ಜೊತೆ ಏಳೆಂಟು ಹೆಚ್ಚಿನ ಸ್ಲೈಡುಗಳನ್ನೂ ಎತ್ತಿಟ್ಟುಕೊಳ್ಳಬೇಕು, ಬಣ್ಣ ಹಾಕದೆ. ನಾಳೆ ವಿಶೇಷ ಪರೀಕ್ಷೆ ಬೇಕೆಂದರೆ ಅವೇ ಗತಿ. ಏಕೆಂದರೆ ಒಮ್ಮೆ ಕಳಚಿದ ಬ್ಲಾಕು ಮತ್ತೆ ಅದೇ ಕೋನಕ್ಕೆ ಕೂರುವುದಿಲ್ಲ. ಚೂರು ಓರೆಯಾದರೂ ಮುಖ ಸಮವಾಗುವವರೆಗೆ ಹೆರೆದು ಹೆರೆದು ಬಿಸಾಡಬೇಕು. ಇದನ್ನು ಎಷ್ಟು ಜನಕ್ಕೆ ಬಯ್ದು ಬಯ್ದು ಕಲಿಸಿದ್ದಳೋ ಲೆಕ್ಕವಿಲ್ಲ. ಅವತ್ತು ತಾನೇ ಮರೆತಳು! ದಪ್ಪಣ್ಣ ಚೀಟಿ ಕೇಳುವ ಮುಂಚೆ ಮುಗಿಸಿಬಿಡಬೇಕೆಂಬ ಗಡಿಬಿಡಿ. ಒಂದು ಸ್ಲೈಡು ಎತ್ತಿದಳು, ಬ್ಲಾಕು ಕಳಚಿದಳು, ಮುಗಿಯಿತೆಂದು ಉಸಿರು ಬಿಟ್ಟಳು.

ಬುಧವಾರ ಸಂಜೆ ರಿಜಿಸ್ಟರು ನೋಡಿದರೆ ಆ ನಂಬರಿನ ಮುಂದೆ ಡಾಕ್ಟರಮ್ಮ ಒಂದೇ ಪದ ಬರೆದಿದ್ದರು: ‘ತಡೆ.’

ತಡೆ ಎಂದರೆ ಏನು? ಒಳ್ಳೆಯದಾಗಿದ್ದರೆ ಬರೆದು ಕಳಿಸುವುದಕ್ಕೆ ಐದು ನಿಮಿಷ ಸಾಕು. ಇದು ಅವಳಿಗೆ ಗೊತ್ತಿರುವ ಸಂಗತಿ. ರಾತ್ರಿಯೆಲ್ಲ ಆ ಪದ ತಲೆಯಲ್ಲಿ ಕೊರೆಯಿತು. ಕೇಳೋಣವೆಂದರೆ ಸ್ವಂತದವನೆಂದು ಬಾಯಿಬಿಡಬೇಕು. ಸ್ಲೈಡು ನೋಡೋಣವೆಂದರೆ ಅದು ಡಾಕ್ಟರಮ್ಮನ ಕೋಣೆಯಲ್ಲಿ ಬೀಗದೊಳಗಿದೆ. ಗುರುವಾರ ಬೆಳಿಗ್ಗೆ ಎಲ್ಲರಿಗಿಂತ ಒಂದು ಗಂಟೆ ಮುಂಚೆ ಬಂದವಳು ಕಪಾಟಿನಿಂದ ಬ್ಲಾಕು ತೆಗೆದು ಮತ್ತೆ ಯಂತ್ರಕ್ಕೆ ಸಿಕ್ಕಿಸಿದಳು. ತನಗೊಂದು ಸ್ಲೈಡು, ಒಂದೇ ಒಂದು, ಯಾರಿಗೂ ಗೊತ್ತಾಗದ ಹಾಗೆ.

ಬ್ಲಾಕು ಓರೆ ಕೂತಿತು. ಚಕ್ರ ತಿರುಗಿಸಿದರೆ ಅರ್ಧ ಮುಖ ಮಾತ್ರ ಬಂತು. ಮತ್ತೆ ತಿರುಗಿಸಿದಳು, ಮುಕ್ಕಾಲು. ತಿರುಗಿಸಿದಂತೆಲ್ಲ ತಮ್ಮನ ಲಿವರು ಮೇಣದ ಸಿಪ್ಪೆಯಾಗಿ ಬ್ಲೇಡಿನ ಕೆಳಗಿನ ತಟ್ಟೆಗೆ ಉದುರುತ್ತಿತ್ತು. ಅವಳಿಗೆ ಅದು ಕಾಣಲಿಲ್ಲವೇ? ಕಂಡಿತು, ಕಂಡೂ ಕೈ ನಿಲ್ಲಲಿಲ್ಲ. ಕೊನೆಗೊಂದು ಪೂರ್ತಿ ಪದರ ನೀರಿನ ಮೇಲೆ ಸುಕ್ಕಿಲ್ಲದೆ ಹರಡಿಕೊಂಡಿತು. ಕೈಗೆ ಹತ್ತಿರವಿದ್ದ ಮಾಮೂಲಿ ಗಾಜು ಬಿಟ್ಟು, ಎದ್ದು ಹೋಗಿ ವಿಶೇಷ ಪರೀಕ್ಷೆಗೆಂದೇ ಇಟ್ಟಿದ್ದ ಕೋಟಿಂಗ್ ಗಾಜು ತಂದಳು. ಅದರ ಮೇಲೆ ಕೂತದ್ದು ಅಷ್ಟು ಸುಲಭವಾಗಿ ಉದುರುವುದಿಲ್ಲ.

ಬಣ್ಣ ಹಾಕಿ, ಮೂಲೆಯ ಹಳೆಯ ಮೈಕ್ರೋಸ್ಕೋಪಿಗೆ ಕಣ್ಣಿಟ್ಟಳು.

ಸಣ್ಣ ಸಣ್ಣ ರಕ್ತನಾಳಗಳು. ಒಂದರಿಂದ ಒಂದು ಕವಲೊಡೆದು, ಮತ್ತೆ ಕೂಡಿ, ಇಕ್ಕಟ್ಟಾದ ಗಲ್ಲಿಗಳ ಹಾಗೆ ಎಲ್ಲೆಲ್ಲೂ ಹರಡಿದ್ದವು. ಇಂಥದ್ದನ್ನು ಅವಳು ಮುಂಚೆ ಒಮ್ಮೆ ನೋಡಿದ್ದಳು. ಒಂಬತ್ತು ವರ್ಷದ ಹಿಂದೆ ಡಾಕ್ಟರಮ್ಮ ಎಲ್ಲರನ್ನೂ ಕರೆದು ತೋರಿಸಿದ್ದರು: "ನೋಡಿಟ್ಟುಕೊಳ್ಳಿ, ಆಂಜಿಯೋಸಾರ್ಕೋಮ. ರಕ್ತನಾಳದ ಕ್ಯಾನ್ಸರು. ಲಿವರಲ್ಲಿ ಬಂದ್ರೆ ತುಂಬಾ ಕೆಟ್ಟದ್ದು." ಆ ರೋಗಿ ನಾಲ್ಕು ತಿಂಗಳೂ ಉಳಿದಿರಲಿಲ್ಲ. ಆ ಗಲ್ಲಿಗಳೇ ಇವು. ಬ್ಲೇಡಕ್ಕ ಮತ್ತೊಮ್ಮೆ ಕಣ್ಣಿಟ್ಟು ನೋಡಿದಳು, ಅವೇ. ಆಮೇಲೆ ಕಾರಿಡಾರಿನಲ್ಲಿ ಹೆಜ್ಜೆ ಸದ್ದಾದಾಗ ಸ್ಲೈಡನ್ನು ಕನ್ನಡಕದ ಡಬ್ಬಿಗೆ ಹಾಕಿ ಚೀಲದ ತಳಕ್ಕೆ ಇಳಿಸಿದಳು.

ಅರೆಬರೆ ತಿಳಿದವರ ಕಷ್ಟ ಯಾರಿಗೂ ಬೇಡ. ಏನೂ ತಿಳಿಯದಿದ್ದರೆ ಅತ್ತು ಬೇಡಿಕೊಳ್ಳಬಹುದು, ಪೂರ್ತಿ ತಿಳಿದಿದ್ದರೆ ಮುಂದಿನ ದಾರಿ ನೋಡಬಹುದು. ಇವಳಿಗೆ ಎರಡೂ ಇಲ್ಲ. ದಿನಕ್ಕೆ ಎರಡು ಸಲ ತಮ್ಮನಿಗೆ ಫೋನು ಮಾಡಿ ಜಗಳವಾಡುತ್ತಿದ್ದವಳು ಶುಕ್ರವಾರ, ಶನಿವಾರ ಒಂದು ಸಲವೂ ಮಾಡಲಿಲ್ಲ.

ಭಾನುವಾರ ತಡೆಯಲಾರದೆ ಅವನ ಅಂಗಡಿಗೆ ಹೋದಳು. ಎರಡು ಹೊಲಿಗೆ ಯಂತ್ರ, ಒಂದು ಉದ್ದನೆಯ ಕತ್ತರಿಸುವ ಮೇಜು, ಗೋಡೆಗುಂಟ ಬಟ್ಟೆ ತೂಗುಹಾಕುವ ಕಬ್ಬಿಣದ ಸರಳು, ಇಷ್ಟೇ ಅಂಗಡಿ. ತಮ್ಮ ಕೊರಳಲ್ಲಿ ಟೇಪು ಇಳಿಬಿಟ್ಟುಕೊಂಡು, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಯಾರದೋ ಕೋಟಿಗೆ ತೋಳು ಕೂರಿಸುತ್ತಿದ್ದ. ಪಿನ್ನು ಬಾಯಲ್ಲಿಟ್ಟುಕೊಂಡರೆ ಬ್ಲೇಡಕ್ಕ ರಂಪ ಮಾಡುತ್ತಿದ್ದಳು: ನುಂಗಿ ಸಾಯ್ತೀಯಾ, ಗೂಬೆ ಮುಂಡೇದೇ, ತೆಗಿ ಆಚೆ! ಮೂವತ್ತು ವರ್ಷದ ಜಗಳ ಅದು. ಅವತ್ತು ನೋಡಿದಳು, ಏನೂ ಅನ್ನಲಿಲ್ಲ.

ತಮ್ಮನೇ ಒಂದೊಂದಾಗಿ ಪಿನ್ನು ತೆಗೆದಿಟ್ಟ. "ಬಂತಾ ಅಕ್ಕಾ?"

"ಇನ್ನೂ ಇಲ್ಲ ಕಣೋ. ಟೈಮ್ ಹಿಡಿಯುತ್ತೆ."

"ನೀನು ನೋಡಿದ್ಯಾ?"

"ನಾನ್ಯಾಕೆ ನೋಡ್ಲಿ? ನನಗೇನು ಗೊತ್ತಾಗುತ್ತೆ?" ಎಂದು ಅವನ ಮುಖ ಬಿಟ್ಟು ಅಂಗಡಿಯನ್ನೆಲ್ಲ ನೋಡಿದಳು. ಅವನ ಏಳು ವರ್ಷದ ಮಗಳು ಮೇಜಿನ ಕೆಳಗೆ ಕೂತು ಗುಂಡಿಗಳನ್ನು ಬಣ್ಣಬಣ್ಣವಾಗಿ ವಿಂಗಡಿಸುತ್ತಿತ್ತು. "ಅತ್ತೆ ಬಂದ್ಳು," ಎಂದಿತು. ಏನಾದರೂ ಹೇಳಬೇಕಲ್ಲ, ಬ್ಲೇಡಕ್ಕ ತಮ್ಮನಿಗೆ ಹೇಳಿದಳು: "ಬಾಕಿ ಇರೋ ಕೆಲಸ ಎಲ್ಲ ಬೇಗ ಬೇಗ ಮುಗಿಸ್ಕೊಂಡುಬಿಡು."

ತಮ್ಮ ತೆಗೆದಿಟ್ಟ ಪಿನ್ನುಗಳನ್ನು ನೋಡಿದ, ಆಮೇಲೆ ಅವಳನ್ನು ನೋಡಿದ. "ಸರಿ," ಎಂದ.

ಸೋಮವಾರ ಡಾಕ್ಟರಮ್ಮ ಅವಳನ್ನು ಕರೆದರು. "ಆ ಲಿವರ್ ಸೂಜಿ ಬಯಾಪ್ಸಿದು ಎಕ್ಸ್‌ಟ್ರಾ ಸ್ಲೈಡ್ ಇರ್ತಾವಲ್ಲ, ಎರಡು ಕೊಡಿ. ಒಂದಕ್ಕೆ ರಕ್ತನಾಳದ ಸ್ಟೇನು, ಇನ್ನೊಂದಕ್ಕೆ ಬೆಳವಣಿಗೆ ತೋರಿಸೋ ಸ್ಟೇನು."

ಎತ್ತಿಟ್ಟಿದ್ದರೆ ತಾನೇ ಕೊಡುವುದು! "ಕತ್ತರಿಸಿ ಕೊಡ್ತೀನಿ ಮೇಡಂ," ಎಂದು ಬಂದು ಬ್ಲಾಕನ್ನು ಬೆಳಕಿಗೆ ಹಿಡಿದಳು. ಮೇಣದಲ್ಲಿ ಒಂದು ಮಸುಕು ಗೆರೆ ಮಾತ್ರ ಉಳಿದಿತ್ತು. ಜೀವ ಕೈಯಲ್ಲಿ ಹಿಡಿದುಕೊಂಡು, ಹದಿನೆಂಟು ವರ್ಷದ ಕಸುಬನ್ನೆಲ್ಲ ಬೆರಳಿಗೆ ತಂದು ಹೆರೆದಳು. ಒಂದು ಪದರ ಬಂತು. ಎರಡನೆಯದರಲ್ಲಿ ಬರೀ ಮೇಣ. ಮೂರನೆಯದರಲ್ಲೂ ಬರೀ ಮೇಣ. ತಟ್ಟೆಯ ಸಿಪ್ಪೆಯನ್ನೆಲ್ಲ ಗುರುವಾರವೇ ತಾನೇ ಕಸಕ್ಕೆ ಹಾಕಿದ್ದಳು.

ಇದ್ದ ಒಂದು ಸ್ಲೈಡು ಡಾಕ್ಟರಮ್ಮ ಹೇಳಿದ ಮೊದಲ ಸ್ಟೇನಿಗೆ, ಅಂದರೆ ರಕ್ತನಾಳ ತೋರಿಸುವ ಬಣ್ಣಕ್ಕೆ ಹೋಯಿತು. ಮಂಗಳವಾರ ಮಧ್ಯಾಹ್ನ ಡಾಕ್ಟರಮ್ಮ ಅದನ್ನು ನೋಡಿ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

"ರಕ್ತನಾಳದ ಗಂಟೇ, ಅದರಲ್ಲಿ ಅನುಮಾನ ಇಲ್ಲ. ಆದ್ರೆ ಇದು ಕ್ಯಾನ್ಸರಲ್ಲೂ ಹೀಗೇ ಬರುತ್ತೆ, ಸಾಧು ಗಂಟಲ್ಲೂ ಹೀಗೇ ಬರುತ್ತೆ. ನನಗೆ ಬೇಕಾಗಿದ್ದು ಎರಡನೇದು. ಎಲ್ಲಿ?"

"ತುಂಡು ಮುಗಿದುಹೋಯ್ತು ಮೇಡಂ."

"ಮುಗೀತಾ? ನಿಮ್ಮ ಕೈಯಲ್ಲಿ?" ಡಾಕ್ಟರಮ್ಮನಿಗೆ ನಂಬಿಕೆಯೇ ಬರಲಿಲ್ಲ. "ಹಾಗಾದ್ರೆ ಇನ್ನೊಂದ್ಸಲ ಸೂಜಿ ಚುಚ್ಚಬೇಕು. ಇದು ಪೂರ್ತಿ ರಕ್ತನಾಳ ಕಣ್ರೀ, ಮೊದಲನೇ ಸಲ ಸುಮ್ಮನಿತ್ತು, ಎರಡನೇ ಸಲ ಒಳಗೇ ರಕ್ತ ಸುರಿದ್ರೆ? ಸರ್ಜನ್ ಅಂತೂ ಆಗಲೇ ಹೇಳ್ತಿದಾರೆ, ಅನುಮಾನ ಇದ್ರೆ ಲಿವರಿನ ಬಲಭಾಗಾನೇ ತೆಗೆದುಬಿಡೋಣ ಅಂತ. ನಾಳೆ ಸಂಜೆಯೊಳಗೆ ಅವರಿಗೆ ಏನಾದರೂ ಹೇಳಬೇಕು."

ಬ್ಲೇಡಕ್ಕನ ಚೀಲ ಹೆಗಲ ಮೇಲೇ ಇತ್ತು, ಕನ್ನಡಕದ ಡಬ್ಬಿ ಅದರ ತಳದಲ್ಲಿತ್ತು. ಸುಮ್ಮನೆ ಆಚೆ ಹೋದರೆ ಯಾರಿಗೂ ಗೊತ್ತಾಗುವುದಿಲ್ಲ, ಹದಿನೆಂಟು ವರ್ಷದ ಹೆಸರು ಉಳಿಯುತ್ತದೆ. ಆದರೆ ಹೆಸರು ಇಟ್ಟುಕೊಂಡು ಏನು ಮಾಡಲಿ, ನನ್ನ ತಮ್ಮನ ಹೊಟ್ಟೆ ಸೀಳುತ್ತಾರಲ್ಲ! ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು.

"ಒಂದು ಸ್ಲೈಡಿದೆ ಮೇಡಂ. ನಾನು ಕದ್ದು ಮಾಡಿಕೊಂಡಿದ್ದು. ಅದು ನನ್ನ ತಮ್ಮಂದು. ನಾನು ಹೇಳಲಿಲ್ಲ. ತುಂಡು ಮುಗಿಸಿದ್ದೂ ನಾನೇ."

ಎಲ್ಲ ಹೇಳಿಬಿಟ್ಟಳು, ಚೀಟಿ ಮಡಚಿ ಜೇಬಿಗಿಟ್ಟದ್ದರಿಂದ ಹಿಡಿದು ಮೂಲೆಯ ಮೈಕ್ರೋಸ್ಕೋಪಿನವರೆಗೆ. ಡಾಕ್ಟರಮ್ಮನ ಮುಖ ಕೆಂಪಾಯಿತು.

"ಏನ್ರೀ ಇದು? ನನ್ನ ಲ್ಯಾಬಲ್ಲಿ ಕಳ್ಳ ಸ್ಲೈಡಾ? ಬೇರೆ ಯಾರಾದ್ರೂ ಮಾಡಿದ್ರೆ ನೀವೇ ಮೊದಲು ಮೈಮೇಲೆ ಬೀಳ್ತಿದ್ರಲ್ಲ! ಅವರು ನಿಮ್ಮ ತಮ್ಮ ಆದ್ರೆ ನನಗೇನೂ ಅಲ್ವಾ? ನನ್ನ ರೋಗಿ ಅವರು!" ಆಮೇಲೆ ಡಬ್ಬಿ ತೆರೆದು ಸ್ಲೈಡನ್ನು ಬೆಳಕಿಗೆ ಹಿಡಿದರು. "ಮಾಮೂಲಿ ಗಾಜಾ, ಕೋಟಿಂಗ್ ಇರೋದಾ?"

"ಕೋಟಿಂಗ್ ಇರೋದು ಮೇಡಂ."

"ಯಾಕೆ? ಬರೀ ನೋಡೋದಕ್ಕೆ ಕೋಟಿಂಗ್ ಯಾಕೆ ಬೇಕಿತ್ತು?"

"ಅವನದು ಉದುರಬಾರದು ಅಂತ," ಎಂದಳು ಬ್ಲೇಡಕ್ಕ. ಎಂದವಳಿಗೆ ಅಳು ತಡೆಯಲಾಗಲಿಲ್ಲ.

ಡಾಕ್ಟರಮ್ಮ ಸ್ಲೈಡು ಕೆಳಗಿಟ್ಟರು. "ಈ ಬಣ್ಣ ಬಿಡಿಸಿ, ಇದರ ಮೇಲೇ ಬೆಳವಣಿಗೆ ಸ್ಟೇನು ಹಾಕಬಹುದು. ಆದ್ರೆ ಬಿಸಿ ದ್ರಾವಣದಲ್ಲಿ ಇಡಬೇಕು, ಅಲ್ಲಿ ಪದರ ಎದ್ದುಹೋದ್ರೆ ಮುಗೀತು, ಇನ್ನೊಂದಿಲ್ಲ. ನಾಳೆ ಬೆಳಿಗ್ಗೆ ಮಾಡೋಣ." ಬ್ಲೇಡಕ್ಕ ಕೈ ಚಾಚಿದಳು. ಡಾಕ್ಟರಮ್ಮ ಸ್ಲೈಡನ್ನು ತಮ್ಮ ಕಡೆಗೆ ಎಳೆದುಕೊಂಡರು. "ನೀವಲ್ಲ. ನೀವು ಮುಟ್ಟಲೇ ಕೂಡದು. ಎದುರು ಮೇಜಿನವರು ಮಾಡ್ತಾರೆ."

ಅಂದರೆ ದಪ್ಪಣ್ಣ! ಯಾವ ಕೈಗೆ ಬೇಡವೆಂದು ಇಷ್ಟೆಲ್ಲ ರಾಮಾಯಣ ಮಾಡಿಕೊಂಡಳೋ ಅದೇ ಕೈಗೆ.

ಬುಧವಾರ ಬೆಳಿಗ್ಗೆ ದಪ್ಪಣ್ಣ ಅಂಗಿಯ ಎರಡೂ ತೋಳು ಮಡಚಿ ಕೂತ. ಬ್ಲೇಡಕ್ಕ ಮೂರು ಅಡಿ ದೂರದಲ್ಲಿ ಕೈಕಟ್ಟಿ ನಿಂತಳು. ಹತ್ತಿರ ಹೋಗುವಂತಿಲ್ಲ, ದೂರ ಹೋಗಲಾರಳು. ದಪ್ಪಣ್ಣ ಆ ದಪ್ಪ ಬೆರಳುಗಳಲ್ಲಿ ಸ್ಲೈಡಿನ ಅಂಚು ಹಿಡಿದು ಒಂದು ದ್ರಾವಣದಿಂದ ಇನ್ನೊಂದಕ್ಕೆ ಇಳಿಸುತ್ತಿದ್ದ. ಗುಲಾಬಿ ಬಣ್ಣ ಬಿಟ್ಟಿತು, ನೀಲಿ ಬಿಟ್ಟಿತು. ಗಾಜಿನ ಮೇಲೆ ಏನೂ ಇಲ್ಲವೇನೋ ಎನ್ನುವಷ್ಟು ಮಸುಕಾದ ಒಂದು ನೆರಳು ಉಳಿಯಿತು.

"ಮೆಲ್ಲಗೆ, ಅಣ್ಣಾ," ಎಂದಳು. ಅವನನ್ನು ಅಣ್ಣಾ ಎಂದದ್ದು ಅದೇ ಮೊದಲು.

"ನೀನು ಸುಮ್ನಿರಮ್ಮ," ಎಂದ ದಪ್ಪಣ್ಣ ತಲೆ ಎತ್ತದೆ. "ಈ ಪ್ಯಾಂಟು ನಿನ್ನ ತಮ್ಮ ಹೊಲಿದಿದ್ದು, ಗೊತ್ತಾ? ಆರು ವರ್ಷ ಆಯ್ತು, ಒಂದು ಹೊಲಿಗೆ ಬಿಟ್ಟಿಲ್ಲ. ಅವನ ಕೆಲಸ ನಾನು ಕೆಡಿಸ್ತೀನಾ?"

ಬಿಸಿ ದ್ರಾವಣದಲ್ಲಿ ಇಪ್ಪತ್ತು ನಿಮಿಷ. ಗಡಿಯಾರದ ಮುಳ್ಳು ಅಲ್ಲೇ ಸತ್ತುಬಿದ್ದಿದೆಯೋ ಎನಿಸಿತು ಅವಳಿಗೆ. ಆಮೇಲೆ ತಣಿಸುವುದಕ್ಕೆ ಇನ್ನಿಪ್ಪತ್ತು. ದಪ್ಪಣ್ಣ ಮುಚ್ಚಳ ತೆರೆದು ಸ್ಲೈಡು ಮೇಲೆತ್ತಿ ಬೆಳಕಿಗೆ ಹಿಡಿದ. ಒಂದು ಮೂಲೆ ಎದ್ದಿತ್ತು. ಮಿಕ್ಕದ್ದು ಗಾಜನ್ನು ಬಿಗಿಯಾಗಿ ಕಚ್ಚಿಕೊಂಡು ಕೂತಿತ್ತು.

"ಇದೆ," ಎಂದ ದಪ್ಪಣ್ಣ.

ಮಧ್ಯಾಹ್ನ ಎರಡಕ್ಕೆ ಡಾಕ್ಟರಮ್ಮ ಕರೆದರು. ಅವರದು ಇಬ್ಬರು ಒಟ್ಟಿಗೆ ನೋಡುವ ಮೈಕ್ರೋಸ್ಕೋಪು. "ಕೂತ್ಕೊಳ್ಳಿ. ಕದ್ದು ನೋಡೋ ಬದಲು ಇಲ್ಲಿ ನೋಡಿ. ಬೆಳೀತಾ ಇರೋ ಜೀವಕೋಶದ ನಡು ಮಾತ್ರ ಕಂದು ಬಣ್ಣ ಹಿಡಿಯುತ್ತೆ. ಎಣಿಸಿ."

ಅದೇ ಗಲ್ಲಿಗಳು, ಅದೇ ಕವಲು. ಆದರೆ ಎಲ್ಲ ತಿಳಿನೀಲಿ. ಬ್ಲೇಡಕ್ಕ ಕಂದು ಚುಕ್ಕೆ ಹುಡುಕಿದಳು. ಒಂದು ಸಿಕ್ಕಿತು. ತುಂಬ ದೂರದಲ್ಲಿ ಇನ್ನೊಂದು. ನೂರು ಜೀವಕೋಶ ಎಣಿಸುವಷ್ಟರಲ್ಲಿ ಎರಡೇ ಸಿಕ್ಕವು. ಇನ್ನೊಂದು ನೂರು ಎಣಿಸಿದಳು, ಮೂರು.

"ಆ ಹಳೇ ರೋಗಿದರಲ್ಲಿ ಅರ್ಧಕ್ಕರ್ಧ ಕಂದಾಗಿತ್ತು," ಎಂದರು ಡಾಕ್ಟರಮ್ಮ. "ಆಕಾರ ನೋಡಿ ನೀವು ಹೆದರಿದ್ರಿ. ನಾನೂ ಹೆದರಿದ್ದೆ, ಅದಕ್ಕೇ ತಡೆ ಅಂತ ಬರೆದಿದ್ದು. ಆದ್ರೆ ಜೀವಕೋಶ ನೋಡಿ, ಎಷ್ಟು ಶಾಂತವಾಗಿ ಸಾಲಾಗಿ ಕೂತಿವೆ. ಒಂದೂ ಎರಡಾಗಿ ಸೀಳ್ತಾ ಇಲ್ಲ. ಇದು ಅನಾಸ್ಟೊಮೋಸಿಂಗ್ ಹೆಮಾಂಜಿಯೋಮ. ಹೆಸರು ಉದ್ದ, ಗಂಟು ಸಾಧು. ಕಿಡ್ನಿಯಲ್ಲಿ ಒಂದೆರಡು ನೋಡಿದೀನಿ, ಲಿವರಲ್ಲಿ ನನಗಿದು ಮೊದಲನೇದು. ಇನ್ನೊಬ್ಬ ತಜ್ಞರಿಗೂ ಕಳಿಸ್ತೀನಿ. ಆರಾರು ತಿಂಗಳಿಗೆ ಸ್ಕ್ಯಾನ್ ಮಾಡಿಸ್ತಾ ಇರಲಿ. ಸರ್ಜನ್ನಿಗೆ ಹೇಳಾಯ್ತು, ಕತ್ತಿ ಎತ್ತೋದಿಲ್ಲ."

ಬ್ಲೇಡಕ್ಕ ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯಲಿಲ್ಲ. ಗಾಜು ಮಂಜಾಗಿ ಏನೂ ಕಾಣುತ್ತಿರಲಿಲ್ಲ, ಆದರೂ ತೆಗೆಯಲಿಲ್ಲ.

"ಮಾಡಿದ್ದೆಲ್ಲ ಬರೆದು ಕೊಡಿ. ಒಂದು ತಿಂಗಳು ಮೈಕ್ರೋಟೋಮ್ ಮುಟ್ಟೋ ಹಾಗಿಲ್ಲ," ಎಂದರು ಡಾಕ್ಟರಮ್ಮ. ಆಮೇಲೆ ದನಿ ಇಳಿಸಿ, "ಈಗ ಹೋಗಿ. ನಿಮ್ಮ ಬಾಯಿಂದಲೇ ಕೇಳಲಿ."

ಬಸ್ಸಿಗೂ ಕಾಯದೆ ನಡೆದಳು, ಅರ್ಧ ದಾರಿ ಓಡಿದಳು. ಅಂಗಡಿ ಬಾಗಿಲಲ್ಲಿ ತಮ್ಮನ ಹೆಂಡತಿ ಎದುರಾದಳು, ಕಣ್ಣು ಊದಿತ್ತು. "ಭಾನುವಾರದಿಂದ ಹೊಲೀತಾನೇ ಇದಾರೆ ಅಕ್ಕಾ. ಬಂದ ಗಿರಾಕಿಗಳನ್ನೆಲ್ಲ ವಾಪಸ್ ಕಳಿಸ್ತಾರೆ. ಯಾಕೆ ಅಂದ್ರೆ ಹೇಳಲ್ಲ. ನೀವಾದ್ರೂ ಕೇಳಿ."

ಒಳಗೆ ಕಬ್ಬಿಣದ ಸರಳಿನ ಮೇಲೆ ಗಿರಾಕಿಗಳ ಕೋಟು, ಪ್ಯಾಂಟು ಒಂದೂ ಇರಲಿಲ್ಲ. ಫ್ರಾಕುಗಳಿದ್ದವು, ಏಳು. ಒಂದಕ್ಕಿಂತ ಒಂದು ಎರಡೆರಡು ಬೆರಳು ಉದ್ದ. ಪ್ರತಿಯೊಂದರ ಕತ್ತಿನ ಪಟ್ಟಿಗೂ ಒಂದು ಸಣ್ಣ ಚೀಟಿ ಚುಚ್ಚಿತ್ತು: ಎಂಟು ವರ್ಷ, ಒಂಬತ್ತು ವರ್ಷ, ಹತ್ತು. ಕೊನೆಯದರ ಮೇಲೆ ಹದಿನಾಲ್ಕು. ಮೇಜಿನ ಮೇಲೆ ಎಂಟನೆಯದು ಬರೀ ಬಟ್ಟೆಯಾಗಿ ಹರಡಿತ್ತು, ಸೀಮೆಸುಣ್ಣದ ಗೆರೆ ಹಾಕಿತ್ತು. ತಮ್ಮ ಬಾಯಲ್ಲಿ ಪಿನ್ನು ಕಚ್ಚಿಕೊಂಡು ಅದರ ಮೇಲೆ ಬಗ್ಗಿದ್ದ.

"ಏನೋ ಇದು?" ಎಂದಳು.

ಅವನು ಪಿನ್ನು ತೆಗೆದ. "ನೀನೇ ಹೇಳಿದ್ಯಲ್ಲ, ಬಾಕಿ ಕೆಲಸ ಮುಗಿಸ್ಕೋ ಅಂತ. ಪಿನ್ನು ನೋಡಿನೂ ಬಯ್ಯಲಿಲ್ಲ ನೀನು. ಆವಾಗಲೇ ಗೊತ್ತಾಯ್ತು." ಬಟ್ಟೆಯ ಮೇಲಿನ ಗೆರೆಯನ್ನು ಬೆರಳಲ್ಲಿ ಸವರಿದ. "ಹದಿನಾಲ್ಕರವರೆಗೆ ಅಂದಾಜು ಸಿಕ್ತು. ಹದಿನೈದಕ್ಕೆ ಎಷ್ಟು ಎತ್ತರ ಆಗ್ತಾಳೋ ಗೊತ್ತಾಗಲಿಲ್ಲ. ನಿನ್ನ ಹಾಗೇ ಇದಾಳಲ್ಲ, ಅದಕ್ಕೇ ನಿನ್ನ ಅಳತೆಗೇ ಹಾಕ್ದೆ."

ಬ್ಲೇಡಕ್ಕ ಅವನ ಎರಡೂ ಭುಜ ಹಿಡಿದು ಅಲ್ಲಾಡಿಸಿಬಿಟ್ಟಳು. "ಕ್ಯಾನ್ಸರಲ್ಲ ಕಣೋ! ಸಾಧು ಗಂಟಂತೆ. ನೂರಕ್ಕೆ ಎರಡೂ ಮೂರೂ, ನಾನೇ ಎಣಿಸಿದೀನಿ. ಅಪರೇಷನ್ನೂ ಇಲ್ಲ, ಏನೂ ಇಲ್ಲ. ತಪ್ಪು ತಿಳ್ಕೊಂಡಿದ್ದು ನಾನು, ನಾನು!"

ಬಾಗಿಲಲ್ಲಿ ನಿಂತಿದ್ದ ತಮ್ಮನ ಹೆಂಡತಿ ಚೌಕಟ್ಟು ಹಿಡಿದುಕೊಂಡು ಹಾಗೇ ಕೆಳಗೆ ಕೂತಳು. ಕೈಯಲ್ಲಿದ್ದ ಪಿನ್ನುಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಅಭ್ಯಾಸಬಲದಿಂದ ತಮ್ಮ ಮತ್ತೆ ಬಾಯಿಗೆ ಇಟ್ಟುಕೊಂಡ.

"ತೆಗಿಯೋ ಅದನ್ನ!" ಬ್ಲೇಡಕ್ಕ ಅಂಗಡಿ ನಡುಗುವಂತೆ ಕಿರುಚಿದಳು. "ನುಂಗಿ ಸಾಯ್ತೀಯಾ, ಗೂಬೆ ಮುಂಡೇದೇ, ತೆಗಿ ಆಚೆ!"

ಅವನ ಕಣ್ಣಿಂದ ನೀರು ಇಳಿಯಿತು. ಒಂದೊಂದೇ ಪಿನ್ನು ತೆಗೆದು ಡಬ್ಬಿಗೆ ಹಾಕಿದ. "ಬಯ್ಯಿ ಅಕ್ಕಾ," ಎಂದ. "ಇನ್ನೂ ಬಯ್ಯಿ."

ಮಗಳು ಸರಳಿನಿಂದ ಹದಿನಾಲ್ಕರ ಫ್ರಾಕು ಎಳೆದು ತಲೆಯ ಮೇಲಿಂದ ಹಾಕಿಕೊಂಡಿತು, ಅದು ನೆಲದವರೆಗೂ ಬಿತ್ತು. ಬ್ಲೇಡಕ್ಕ ಅದನ್ನು ಬಿಡಿಸಿ, ಅದರ ಕತ್ತಿನ ಚೀಟಿಯನ್ನು ಕಿತ್ತು ಚೂರುಚೂರು ಮಾಡಿದಳು. ಉಳಿದ ಆರರದೂ ಕಿತ್ತಳು.

"ಇವೆಲ್ಲ ಆಗಿನ ಫ್ಯಾಷನ್ನಿಗೆ ಯಾರು ಹಾಕ್ಕೋತಾರೆ?" ಎಂದಳು ಮೂಗು ಒರೆಸಿಕೊಳ್ಳುತ್ತ. "ಬಿಚ್ಚಿಡು ಎಲ್ಲಾನೂ. ಅವಳಿಗೆ ಹದಿನೈದಾದಾಗ ಅವಳನ್ನೇ ನಿಲ್ಲಿಸ್ಕೊಂಡು ಅಳತೆ ತಗೋ."

ತಮ್ಮ ಕೊರಳಿನ ಟೇಪು ತೆಗೆದು ಮಡಚಿದ. ಮೇಜಿನ ಮೇಲಿನ ಬಟ್ಟೆ ಎತ್ತಿ ಎರಡು ಸಲ ಕೊಡವಿದ. ಸೀಮೆಸುಣ್ಣದ ಗೆರೆ ಪೂರ್ತಿ ಹೋಗಲಿಲ್ಲ, ಇನ್ನೊಂದು ಸಲ ಕೊಡವಿದ.